ಕಾಕನಕೋಟೆಯ ಕಾಡೂ ಕುರುಬರ ಹಾಡಿಗಳೂ

ಮೈಸೂರು ನಗರದ ಶ್ರೀರಾಂಪುರದ ಮಗ್ಗುಲಾಗಿ ಹೊರಡುವ ಮಾನಂದವಾಡಿ ರಸ್ತೆಯು ಹೆಗ್ಗಡದೇವನಕೋಟೆಯನ್ನು ದಾಟಿ ಕಾಕನಕೋಟೆಯ ಅರಣ್ಯವನ್ನು ಹೊಗುವುದು. ಈ ಕಾಡಿನಲ್ಲಿಯೂ ಇದಕ್ಕೆ ಹೊಂದಿಕೊಂಡಿರುವ ನಾಗರಹೊಳೆಯ ಕಾಡಿನಲ್ಲಿಯೂ ಜೇನುಕುರುಬರು, ಬೆಟ್ಟಕುರುಬರು, ಯರವರು ಮೊದಲಾದ ಜನ ಬಹುಕಾಲದಿಂದ ನೆಲೆಸಿದ್ದವರು. ಇವರ ವಸತಿಗಳಿಗೆ ಹಾಡಿಗಳೆಂದು ಹೆಸರು. ಕುಂದಾಪುರದ ಕಡೆಯಲ್ಲಿ ಇದೇ ಶಬ್ದಕ್ಕೆ ಮರಗಳ ಗುಂಪೆಂಬ ಅರ್ಥವುಂಟು. ಊರಿಗೂ ಕಾಡಿಗೂ ಒಂದೇ ಮಾತು ಸಲ್ಲುವುದು ಶಬ್ದಶಾಸ್ತ್ರಜ್ಞರು ಗಮನಿಸತಕ್ಕ ಸಂಗತಿ.

ಈ ಜನ ನೆಲೆ ತಪ್ಪಿದುದು ಒಂದೇ ಏಟಿಗೆ ನಡೆದ ಕಾರ್ಯವಲ್ಲ. ಮೊದಲು ಕುಮರಿ ಬೇಸಾಯಕ್ಕೆ ತಡೆಯಾಯಿತು. ಬಳಿಕ ತೇಗದ ತೋಪುಗಳೆದ್ದವು. ಆದರೂ ಸರ್ಕಾರಕ್ಕೆ ಇವರು ಬೇಕಾಗಿದ್ದರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿಯು ಮೈಸೂರು ಸೀಮೆಯಲ್ಲಿ ಖೆಡ್ಡಾ ಕ್ರಮವನ್ನು, ಎಂದರೆ ಕಾಡಾನೆಗಳ ಹಿಂಡನ್ನು ಅಟ್ಟಿ ಬಲವಾದ ಆವರಣದೊಳಕ್ಕೆ ಕೂಡುವ ಕ್ರಮವನ್ನು, ಆರಂಭಿಸಿದನು. ಆನೆಯ ಜಾಡು ಹಿಡಿಯುವುದಕ್ಕೂ ಹಿಡಿದ ಆನೆಯನ್ನು ಪಳಗಿಸುವುದಕ್ಕೂ ಕುರುಬರೇ ಆಧಾರ. ಕಾಕನಕೋಟೆಯಲ್ಲಿ ಕಡೆಯ ಖೆಡ್ಡಾ ನಡೆದುದು 1971ರಲ್ಲಿ. ಅಲ್ಲಿಯವರೆಗೂ ಈ ಜನ ಕಾಡಿನ ಕೂಲಿಯೆಂದು ಲೆಕ್ಕಕ್ಕೆ ಬಂದರೇ ಹೊರತು ನೆಲದ ಹಕ್ಕುದಾರರೆಂದಲ್ಲ. ಈಚಿನ ವಿಪತ್ತಿಗೆಲ್ಲ ಇದೇ ಮೂಲವೆಂದು ನಮಗೆ ತೋರುತ್ತದೆ: ಕೂಲಿ ಬೇಡವಾದೊಡನೆ ಕೂಲಿಗಾರನು ಒತ್ತುವರಿದಾರನಾದನು.

ನಾಗರಹೊಳೆಯು 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಡುವೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನವು ಬಂದಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಅಣೆಕಟ್ಟು ಮುಗಿದು ಕಾಡಿನ ಒಂದು ಭಾಗವು ನೀರಿನಲ್ಲಿ ಮುಳುಗಿತು. ಪಹಣಿ ಪಟ್ಟೆಗಳಿಲ್ಲದವನು ಪರಿಹಾರವನ್ನು ಯಾವ ಆಧಾರದ ಮೇಲೆ ಬೇಡಬೇಕು? ಹುಲಿಯ ರಕ್ಷಣೆ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಶಾಲೆ, ದವಾಖಾನೆಗಳನ್ನು ಬಯಸಿ ತಾವಾಗಿ ಹೊರಬಂದ ಮನೆಗಳೂ ಉಂಟು. ಆದರೆ ಜನ ಇರಲಾಗದೆಂದ ಅದೇ ಕಾಡಿನ ಮೂರ್ಕಲ್ಲಿನಲ್ಲಿ ಪ್ರವಾಸಿಗಳಿಗೆಂದು ದೊಡ್ಡ ವಸತಿಗೃಹವೊಂದು ಎದ್ದುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಆದಿವಾಸಿಗಳು ಅದನ್ನು ವಿರೋಧಿಸಿದರು. ಆ ಗುತ್ತಿಗೆಯು ಕಾನೂನಿಗೆ ವಿರುದ್ಧವೆಂದು 1997ರಲ್ಲಿ ಹೈಕೋರ್ಟು ತೀರ್ಪಿತ್ತಿತು.

ಅನಂತರ ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಕಡೆಗಳಲ್ಲಿ ಪುನರ್ವಸತಿ ಏರ್ಪಟ್ಟಿತು. ಹೈಕೋರ್ಟು ನೇಮಿಸಿದ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿಯು 2014ರ ತನ್ನ ವರದಿಯಲ್ಲಿ ಪುನರ್ವಸತಿ ದೊರೆಯಬೇಕಾದ 3,418 ಕುಟುಂಬಗಳನ್ನು ಗುರುತಿಸಿತು. ನೆಲೆ ತಪ್ಪಿಸಿದುದು ಮೊದಲು, ಎಣಿಸಿದುದು ದಶಕಗಳ ತರುವಾಯ.

2006ರ ಅರಣ್ಯ ಹಕ್ಕುಗಳ ಶಾಸನವು ಈ ವಿಷಯದಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ತಂದಿತು. ಇದರ 2008ರ ನಿಯಮಗಳ ಪ್ರಕಾರ ಹಕ್ಕಿಗೆ ಸಾಕ್ಷ್ಯವು ಕಾಗದವೇ ಆಗಬೇಕಾದುದಿಲ್ಲ: ಸಮಾಧಿಯ ಸ್ಥಳ, ದೇವರ ಬನ, ಹಳೆಯ ಬಾವಿ, ಬರವಣಿಗೆಗೆ ಇಳಿಸಿದ ಹಿರಿಯರ ಮಾತು ಇವೆಲ್ಲವೂ ಸಲ್ಲುವುವು. ಹಾಡಿಯ ಜನ ತಮ್ಮ ಪೂರ್ವಜರ ನೆಲದ ಹಕ್ಕನ್ನು ‘ಜಮ್ಮಾಪಾಳೆ’ ಎಂದು ಕರೆಯುವರು; ದಫ್ತರಗಳು ಅರಿಯದಿದ್ದ ಆ ಹಕ್ಕಿಗೆ ಶಾಸನದಲ್ಲಿ ಈಗ ಎಡೆ ದೊರೆತಿದೆ.

ಎಡೆ ದೊರೆತ ಮಾತ್ರಕ್ಕೆ ಹಕ್ಕು ಕೈಸೇರುವುದಿಲ್ಲ. 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ, ತಮ್ಮ ಹಿರಿಯರ ಸ್ಥಳವೆಂದು ಹೇಳಿ, ಹಿಂದಿರುಗಿ ಗುಡಿಸಲು ಕಟ್ಟತೊಡಗಿದವು. ಅವರಲ್ಲಿ ಅನೇಕರು ಕೊಡಗಿನ ಕಾಫಿ ತೋಟಗಳ ಲೈನುಮನೆಗಳಲ್ಲಿ ಕೂಲಿಮಾಡಿಕೊಂಡಿದ್ದವರು. ಸಮಾಧಿಗಳೂ ದೇವರ ನೆಲೆಗಳೂ ಕಾಡಿನೊಳಗಿವೆ. ಅವುಗಳನ್ನು ಬೆರಳಿಟ್ಟು ತೋರಿಸಬಲ್ಲ ಮುದುಕರು ಹೊರಗೆ ತೋಟಗಳಲ್ಲಿರುವರು.