ಸ್ವೆಟರಿನ ಸೊಂಟ

ಈ ಸಲದ ಚಳಿಗಾಲಕ್ಕೆ ಅವ್ವ ಹುಬ್ಬಳ್ಳಿಯಿಂದ ನೋಯ್ಡಾಕ್ಕೆ ಬರುತ್ತಾಳೆ ಅಂತ ಗೊತ್ತಾದ ದಿನವೇ ಉಣ್ಣೆ ತಂದೆ. ಬದನೆಕಾಯಿ ಬಣ್ಣ, ಡಬಲ್ ನಿಟ್ ದಪ್ಪದ್ದು. ಅಳತೆಯ ಚಿಂತೆಯೇ ಇರಲಿಲ್ಲ. 2009ರಲ್ಲಿ ಅವಳಿಗೊಂದು ಕಾರ್ಡಿಗನ್ ಹೆಣೆದಾಗ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದೇ ಪುಟ ತೆರೆದುಕೊಂಡು ಎರಡು ತಿಂಗಳು ಕೂತು ಹೆಣೆದೆ. ಬಂದ ಮರುದಿನ ಬೆಳಿಗ್ಗೆ ತೊಡಿಸಿದೆ. ಭುಜ ಸರಿ, ತೋಳು ಸರಿ. ಸೊಂಟದ ಹತ್ತಿರ ಮಾತ್ರ ಬಿಗಿಯಾಗಿ ಮೇಲಕ್ಕೆ ಸರಿದು, ಹೊಟ್ಟೆಗೆ ಅಡ್ಡಲಾಗಿ ಒಂದು ಮಡಿಕೆ ಬಿತ್ತು.

"ನಾ ದಪ್ಪ ಆಗೇನಿ ಬಿಡವಾ," ಅಂದಳು ಅವ್ವ.

ಆಗಿರಲಿಲ್ಲ. ಕಳೆದೆರಡು ವರ್ಷದಲ್ಲಿ ತೂಕ ಇಳಿದೇ ಇತ್ತು. ಟೇಪು ತಂದು ಬಗಲಿನಿಂದ ಸೊಂಟದವರೆಗೆ ಅಳೆದೆ. ನೋಟ್‌ಬುಕ್ಕಿನಲ್ಲಿ 19 ಸೆಂ.ಮೀ. ಅಂತ ಇತ್ತು. ಟೇಪಿನಲ್ಲಿ 15. ಮತ್ತೊಮ್ಮೆ ಅಳೆದೆ, 15.

"ನಿನ್ನ ಟೇಪ ಸುಳ್ಳು ಹೇಳತೈತಿ ನೋಡು," ಅಂತ ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಹತ್ತು ದಿನ ಇದ್ದು ಬರುವವಳಿಗೆ ಅವಳ ಬೆನ್ನು ಇಷ್ಟು ಬಾಗಿದ್ದು ಕಂಡೇ ಇರಲಿಲ್ಲ. ವಯಸ್ಸಾದಂತೆ ಬೆನ್ನುಮೂಳೆ ಕುಗ್ಗುತ್ತದೆ, ಮುಂಡ ಗಿಡ್ಡವಾಗುತ್ತದೆ ಅಂತ ಓದಿ ಗೊತ್ತಿತ್ತು. ಓದಿದ್ದು ಬೇರೆ, ಸ್ವಂತ ಅವ್ವನ ಮೇಲೆ ಟೇಪು ಹಿಡಿದು ನಾಲ್ಕು ಸೆಂಟಿಮೀಟರ್ ಕಮ್ಮಿ ಬಂದಾಗ ಆಗುವುದು ಬೇರೆ.

ಸ್ವೆಟರು ನೇತಾಡುವುದು ಭುಜದಿಂದ. ಬಗಲಿಂದ ಸೊಂಟಕ್ಕೆ ಇರುವ ದೂರ ಕಮ್ಮಿಯಾದರೆ, ನಾವು ಕಿರಿದು ಮಾಡಿದ ಜಾಗ ಸೊಂಟ ದಾಟಿ ಕೆಳಗೆ, ದೇಹ ಅಗಲವಾಗುವ ಕಡೆ ಹೋಗಿ ಕೂರುತ್ತದೆ. ಅಲ್ಲಿ ಬಿಗಿಯಾಗಿ ಮೇಲಕ್ಕೆ ಏರುತ್ತದೆ. ಅವ್ವ ದಪ್ಪಗಾಗಿರಲಿಲ್ಲ, ನನ್ನ ಸ್ವೆಟರಿನ ಸೊಂಟ ಜಾಗ ತಪ್ಪಿತ್ತು.

ನಾನು ಹೆಣಿಗೆ ಕಲಿತದ್ದು ದಿಲ್ಲಿಯಲ್ಲೇ. ಹುಬ್ಬಳ್ಳಿಯಲ್ಲಿ ನಮಗೆ ಸ್ವೆಟರ್ ಅಂದರೆ ಮುಂಡಗೋಡದ ಟಿಬೆಟಿಯನ್ನರು ಚಳಿಗಾಲಕ್ಕೆ ತಂದು ಮಾರುತ್ತಿದ್ದದ್ದು. ಅಂಥವುಗಳಲ್ಲಿ ಬಹಳಷ್ಟು ಲುಧಿಯಾನಾದ ಮಾಲು ಅಂತ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಮನೆಯಲ್ಲಿ ಹೆಣೆಯುವುದೇನಿದ್ದರೂ ಕೂಸಿನ ಕುಲಾವಿ, ಕಾಲುಚೀಲ. ಮದುವೆಯಾಗಿ ನೇತಾಜಿ ನಗರದ ಸರ್ಕಾರಿ ಕ್ವಾರ್ಟರ್ಸಿಗೆ ಬಂದಾಗ ಡಿಸೆಂಬರ್ ಬಿಸಿಲಲ್ಲಿ ಹುಲ್ಲಿನ ಮೇಲೆ ಚಾಪೆ ಹಾಕಿ, ಶೇಂಗಾ ಸುಲಿಯುತ್ತ, ಸಲಾಯಿ ಆಡಿಸುತ್ತ ಕೂತ ಹೆಂಗಸರ ಗುಂಪು ನೋಡಿ ಬೆರಗಾಗಿದ್ದೆ. ಪಕ್ಕದ ಬ್ಲಾಕಿನ ಬೀಜೀ ಕೈಗೆ ಎರಡು ಸಲಾಯಿ ಕೊಟ್ಟು, ಹತ್ತು ಫಂದಾ ಹಾಕಿಕೊಟ್ಟು, "ಸೀಧಾ, ಉಲ್ಟಾ" ಅಂತ ಶುರು ಮಾಡಿಸಿದರು. ನನ್ನ ಹಿಂದಿಗಿಂತ ಮೊದಲು ಹೆಣಿಗೆ ಸುಧಾರಿಸಿತು.

ಬೀಜೀ 1962ರ ಚೀನಾ ಯುದ್ಧದ ಸಮಯದಲ್ಲಿ, ದೇಶದ ಹೆಂಗಸರೆಲ್ಲ ಜವಾನರಿಗೆ ಹೆಣೆಯುತ್ತಿದ್ದಾಗ, ಶಾಲೆಯ ಹುಡುಗಿಯಾಗಿ ಕಲಿತವರು. ಹಾಗಾಗಿ ಅವರ ಸ್ವೆಟರುಗಳೆಲ್ಲ ಗೋಡೆಯ ಹಾಗೆ ನೇರ. "ಫೌಜಿಗೆ ಎಲ್ಲಿಯ ಸೊಂಟ?" ಅನ್ನುತ್ತಿದ್ದರು. ಯಾರಾದರೂ ಹುಡುಗಿ ಹಟ ಹಿಡಿದರೆ ಒಂದು ಉಪಾಯ ಮಾಡುತ್ತಿದ್ದರು. ಕುಣಿಕೆ ಒಂದೂ ಇಳಿಸದೆ, ಸೊಂಟದ ಐದಾರು ಸೆಂ.ಮೀ. ಮಾತ್ರ 8ನೇ ನಂಬರಿನ ಕಡ್ಡಿ ಬಿಟ್ಟು 10ನೇ ನಂಬರಿನದರಲ್ಲಿ ಹೆಣೆಯುವುದು. (ನಮ್ಮಲ್ಲಿ ಈಗಲೂ ನಡೆಯುವ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 10 ಅಂದರೆ 3.25.) ಹೆಣಿಗೆ ಒತ್ತೊತ್ತಾಗಿ ತಾನೇ ಒಳಸರಿಯುತ್ತದೆ. 10 ಸೆಂ.ಮೀ.ಗೆ 22 ಕುಣಿಕೆ ಇದ್ದದ್ದು 24 ಆದರೆ, 110 ಕುಣಿಕೆಯ ಬೆನ್ನು 50ರಿಂದ 46 ಸೆಂ.ಮೀ.ಗೆ ಇಳಿಯುತ್ತದೆ. ಜಡೆ, ಜಾಲಿ ಡಿಸೈನು ಇದ್ದಾಗ ಇದಕ್ಕಿಂತ ಒಳ್ಳೆಯ ದಾರಿ ನನಗೆ ಈಗಲೂ ಗೊತ್ತಿಲ್ಲ.

2016ರಲ್ಲಿ ಏಳು ಸರ್ಕಾರಿ ಕಾಲೊನಿಗಳನ್ನು ಕೆಡವಿ ಕಟ್ಟುವ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ನೇತಾಜಿ ನಗರವೂ ಅದರಲ್ಲಿತ್ತು. ಗುಂಪು ಚದುರಿತು. ಬೀಜೀ ಮಗನ ಮನೆಗೆ ಹೋದರು, ನಾವು ನೋಯ್ಡಾದ ಹನ್ನೊಂದನೇ ಮಹಡಿಗೆ. ಅಲ್ಲಿಂದಾಚೆ ನನ್ನ ಗುರು ಪುಸ್ತಕವೇ. ಎಲಿಜಬೆತ್ ಝಿಮರ್ಮನ್ ಎಂಬಾಕೆ 1971ರಲ್ಲಿ ಬರೆದ 'ನಿಟಿಂಗ್ ವಿದೌಟ್ ಟಿಯರ್ಸ್' ಓದಿದ ಮೇಲೆ ಇನ್ನೊಬ್ಬರ ಪ್ಯಾಟರ್ನು ಹುಡುಕುವುದು ಬಿಟ್ಟೆ. ನಿಮ್ಮ ಕೈಯಲ್ಲಿ ಎಷ್ಟು ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬರುತ್ತದೆ, ಮೈ ಎಷ್ಟಿದೆ, ಗುಣಿಸಿ. ಇಷ್ಟೇ.

ಮೊದಲು ಸೊಂಟ ಎಲ್ಲಿದೆ ಅಂತ ಹುಡುಕಬೇಕು. ಜೀನ್ಸ್ ನಿಲ್ಲುವ ಜಾಗ ಸೊಂಟವಲ್ಲ. ಹೊಟ್ಟೆಗೆ ಒಂದು ದಾರ ಸಡಿಲವಾಗಿ ಕಟ್ಟಿ, ಎಡಕ್ಕೆ ಬಲಕ್ಕೆ ಬಾಗಿ. ದಾರ ತಾನೇ ಹೋಗಿ ಕೂರುವ ಜಾಗವೇ ಅದು. ಅಳತೆಯನ್ನು ಥರ್ಮಲ್ ಹಾಕಿಕೊಂಡೇ ತೆಗೆಯಿರಿ, ದಿಲ್ಲಿ ಜನವರಿಯಲ್ಲಿ ಅದಿಲ್ಲದೆ ಯಾರೂ ಸ್ವೆಟರ್ ಹಾಕುವುದಿಲ್ಲ.

ಅವ್ವನ ಬೆನ್ನಿನ ಭಾಗದ ಲೆಕ್ಕ ಹೀಗಿತ್ತು. ಕೆಳಗೆ 50 ಸೆಂ.ಮೀ., ಅಂದರೆ 110 ಕುಣಿಕೆ. ಸೊಂಟದಲ್ಲಿ 44, ಅಂದರೆ 96. ಹದಿನಾಲ್ಕು ಇಳಿಯಬೇಕು, ಒಂದು ಸಾಲಿಗೆ ಎರಡರಂತೆ ಏಳು ಸಲ. ಬಾರ್ಡರಿನಿಂದ ಸೊಂಟಕ್ಕೆ 14 ಸೆಂ.ಮೀ., ನನ್ನ ಕೈಯಲ್ಲಿ 42 ಸಾಲು. ಹಾಗಾಗಿ ಆರು ಸಾಲಿಗೊಮ್ಮೆ. ಸೊಂಟದಲ್ಲಿ ಎಂಟು ಸಾಲು ಸುಮ್ಮನೆ ಹೆಣೆಯಬೇಕು, ಇಲ್ಲದಿದ್ದರೆ ಡಮರುಗದ ಹಾಗೆ ಕಾಣುತ್ತದೆ. ಅಲ್ಲಿಂದ ಎದೆಯ ಅಗಲಕ್ಕೆ 106ಕ್ಕೆ ಏರಬೇಕು, ಅಂದರೆ ಐದು ಸಲ. 2009ರಲ್ಲಿ ಹತ್ತು ಸಾಲಿಗೊಮ್ಮೆ ಏರಿಸಿದ್ದೆ, ಆಗ 57 ಸಾಲು ಕೈಯಲ್ಲಿದ್ದವು. ಈಗ ಇರುವುದು 45. ಎಂಟು ಸಾಲಿಗೊಮ್ಮೆ ಏರಿಸಿದರೆ ಸರಿಹೋಗುತ್ತದೆ. ಹನ್ನೆರಡು ಸಾಲು, ಅಷ್ಟೇ ವ್ಯತ್ಯಾಸ.

ಹಾಗೆ ನೋಡಿದರೆ ಹೊಲಿಗೆ ಬಿಡಿಸಿ, ಸೊಂಟದ ತನಕ ಬಿಚ್ಚಿದರೆ ಸಾಕಿತ್ತು. ಆದರೆ ಅವ್ವನನ್ನು ಕನ್ನಡಿ ಮುಂದೆ ನಿಲ್ಲಿಸಿದಾಗ ಇನ್ನೊಂದು ಕಂಡಿತು. ಅವಳು ಉಡುವುದು ಸೀರೆ. ಹೊಟ್ಟೆಯ ಮೇಲೆ ನೆರಿಗೆ ಸಿಕ್ಕಿಸಿದ ಗಂಟು ಇರುತ್ತದೆ. ಕುರ್ತಾ, ಪ್ಯಾಂಟಿನವರಿಗೆ ಬರೆದ ಪುಸ್ತಕಗಳು ಇದನ್ನು ಹೇಳುವುದಿಲ್ಲ. ಸೀರೆಯ ಮೇಲಿನ ಕಾರ್ಡಿಗನ್ನಿಗೆ ಮುಂಭಾಗದಲ್ಲಿ ಸೊಂಟ ಕೊಡಲೇಬಾರದು, ನೇರ ಬಿಡಬೇಕು. ಇಳಿಸುವುದೆಲ್ಲ ಬೆನ್ನಿನಲ್ಲೇ, ಅದೂ ಅಂಚಿನಲ್ಲಲ್ಲ, ರವಿಕೆಗೆ ಟಕ್ಸ್ ಹಿಡಿಯುವ ಹಾಗೆ ಒಳಗೆ. ಎರಡೂ ಅಂಚಿನಿಂದ 36ನೇ ಕುಣಿಕೆಯ ಬಳಿ ಬಣ್ಣದ ದಾರದ ಗುರುತು ಹಾಕಿ, ಅಲ್ಲೇ ಇಳಿಸಿ, ಅಲ್ಲೇ ಏರಿಸುವುದು. ಒಂದು ಕಡೆ ಎರಡು ಕುಣಿಕೆ ಸೇರಿಸಿ ಹೆಣೆದರೆ ಇನ್ನೊಂದು ಕಡೆ ಒಂದನ್ನು ಹೆಣೆಯದೆ ಸರಿಸಿ, ಮುಂದಿನದರ ಮೇಲೆ ದಾಟಿಸಬೇಕು. ಆಗ ಎರಡು ಗೆರೆಗಳು ಎದುರುಬದುರಾಗಿ ವಾಲುತ್ತವೆ.

ಹಾಗಾಗಿ ಬಾರ್ಡರಿನವರೆಗೆ ಬಿಚ್ಚಿದೆ. ಎರಡು ತಿಂಗಳ ಹೆಣಿಗೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಅವ್ವ ಎದುರಿಗೆ ಕೂತು ಎರಡೂ ಕೈ ಚಾಚಿ, ಬಿಚ್ಚಿದ ಎಳೆಯನ್ನು ಸುತ್ತಿಸಿಕೊಂಡಳು. ಶ್ಯಾವಿಗೆಯ ಹಾಗೆ ಸುರುಳಿಯಾಗಿದ್ದ ಉಣ್ಣೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಕೆಳಗೆ ಒಂದು ಲೋಟ ಕಟ್ಟಿ ಬಾಲ್ಕನಿಯಲ್ಲಿ ನೇತುಹಾಕಿದೆವು. ಎರಡು ದಿನ ಬಿಸಿಲೇ ಬರಲಿಲ್ಲ, ಮಂಜು. ಮೂರನೇ ದಿನ ನೆಟ್ಟಗಾಯಿತು.

ಬಾಗಿದ ಬೆನ್ನಿಗೆ ಇನ್ನೊಂದು ಕೆಲಸ ಮಾಡಬೇಕಿತ್ತು. ಗೂನು ಬಟ್ಟೆಯನ್ನು ಮೇಲಕ್ಕೆ ಎಳೆದುಕೊಳ್ಳುವುದರಿಂದ ಹಿಂದಿನ ಅಂಚು ಎತ್ತಿ, ಗಾಳಿ ಒಳಗೆ ಹೋಗುತ್ತದೆ. ಬಗಲಿನ ಮೇಲೆ, ಹೆಗಲ ಮೂಳೆಗಳ ನಡುವೆ, ಅರ್ಧ ಸಾಲು ಹೆಣೆದು ತಿರುಗಿ, ಮತ್ತೆ ಅರ್ಧ ಹೆಣೆದು ತಿರುಗಿ, ಬೆನ್ನಿನ ನಡುವಿಗೆ ಮಾತ್ರ ಎಂಟು ಸಾಲು ಹೆಚ್ಚಿಗೆ ಸೇರಿಸಿದೆ. ತಿರುಗುವಾಗ ಮುಂದಿನ ಕುಣಿಕೆಗೆ ಎಳೆ ಸುತ್ತಬೇಕು, ಮರೆತರೆ ತೂತು ಬೀಳುತ್ತದೆ. ನಾನು ಒಂದು ಕಡೆ ಮರೆತೆ. ಸೂಜಿಯಲ್ಲಿ ಮುಚ್ಚಿದ್ದೇನೆ.

ಸಂಕ್ರಾಂತಿಗೆ ಮೂರು ದಿನ ಮೊದಲು ಮುಗಿಯಿತು. ಅವ್ವ ತೊಟ್ಟು, ಗುಂಡಿ ಹಾಕಿ, ಕೈ ಎತ್ತಿ ಇಳಿಸಿ, ಹಿಂದೆ ಮುಟ್ಟಿ ನೋಡಿದಳು. ಮಡಿಕೆ ಇಲ್ಲ. ಆಮೇಲೆ ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ಏನೋ ತಡಕಾಡಿದಳು.

"ಎಲ್ಲಾ ಖರೆ, ಕಿಸೆ ಎಲ್ಲೈತಿ?"

ಗುಳಿಗೆ ಡಬ್ಬಿ, ಮೊಬೈಲು, ಅಡಕಿ ಚೀಲ ಮೂರೂ ಹಿಡಿಯಬೇಕಂತೆ. ಇವತ್ತು ಕಿಸೆಗೆ 30 ಕುಣಿಕೆ ಹಾಕಿದ್ದೇನೆ. ಸೊಂಟಕ್ಕಿಂತ ಎಂಟು ಸೆಂ.ಮೀ. ಕೆಳಗೆ ಹೊಲಿಯಬೇಕು, ಮೇಲಾದರೆ ಮೊಬೈಲಿನ ಭಾರಕ್ಕೆ ಮತ್ತೆ ಎಲ್ಲ ಕೆಳಗೆ ಜಗ್ಗುತ್ತದೆ.