ಹೆಸರೊಂದೇ, ನಡತೆ ಬೇರೆ: ಸ್ಟೋರೇಜ್ ಬ್ಯಾಕೆಂಡ್‌ಗಳ ಸಾಮಾನ್ಯ ಪರೀಕ್ಷೆ ಕುರಿತ ತಪ್ಪು ಕಲ್ಪನೆಗಳು

ತಂತ್ರಾಂಶವೊಂದು ತನ್ನ ಮಾಹಿತಿಯನ್ನು ಡಿಸ್ಕಿನ ಮೇಲಿನ ಫೈಲುಗಳಲ್ಲಿ ಇಡಬಹುದು, ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸಿನಲ್ಲಿ ಇಡಬಹುದು, ಇಲ್ಲವೇ ಅಮೆಜಾನ್ 2006ರಲ್ಲಿ ಆರಂಭಿಸಿದ ಎಸ್3 ಎಂಬ ಕ್ಲೌಡ್ ಸಂಗ್ರಹ ಸೇವೆಗೆ ಒಪ್ಪಿಸಬಹುದು. ಹೀಗೆ ತೆರೆಯ ಹಿಂದೆ ನಿಂತು ಮಾಹಿತಿಯನ್ನು ಕಾಪಿಟ್ಟು, ಕೇಳಿದಾಗ ಹಿಂದಿರುಗಿಸುವ ಭಾಗಕ್ಕೆ ಸ್ಟೋರೇಜ್ ಬ್ಯಾಕೆಂಡ್ ಎಂದು ಹೆಸರು. ಇಂದು ಒಂದು ಬ್ಯಾಕೆಂಡ್, ನಾಳೆ ಇನ್ನೊಂದು ಎಂಬ ಅನುಕೂಲವನ್ನು ಉಳಿಸಿಕೊಳ್ಳಬಯಸುವ ತಂತ್ರಾಂಶಕಾರರು ‘ಇಡು’, ‘ತೆಗೆ’, ‘ಅಳಿಸು’, ‘ಪಟ್ಟಿ ಕೊಡು’ ಎಂಬಂಥ ಕೆಲವೇ ಆಜ್ಞೆಗಳನ್ನು ಗೊತ್ತುಪಡಿಸಿ, ಪ್ರತಿಯೊಂದು ಬ್ಯಾಕೆಂಡೂ ಅವುಗಳಿಗೆ ಓಗೊಡಬೇಕೆಂದು ವಿಧಿಸುತ್ತಾರೆ. ಈ ಆಜ್ಞೆಗಳ ಚೌಕಟ್ಟೇ ಇಂಟರ್‌ಫೇಸ್. ಎಲ್ಲ ಬ್ಯಾಕೆಂಡ್‌ಗಳ ಮೇಲೂ ಒಂದೇ ರೀತಿಯಲ್ಲಿ ಓಡಿಸಿ, ಅವು ಒಂದೇ ರೀತಿ ನಡೆದುಕೊಳ್ಳುತ್ತವೆಯೇ ಎಂದು ನೋಡುವ ಪರೀಕ್ಷೆಗಳ ಗುಂಪನ್ನು ಸಾಮಾನ್ಯ ಟೆಸ್ಟ್ ಸೂಟ್ ಎನ್ನಲಾಗುತ್ತದೆ. ಈ ಸೂಟನ್ನು ಕುರಿತು ಅನುಭವಿಗಳಲ್ಲಿಯೂ ಬೇರೂರಿರುವ ಕೆಲವು ನಂಬಿಕೆಗಳನ್ನು ಇಲ್ಲಿ ಒರೆಗೆ ಹಚ್ಚಲಾಗಿದೆ.

ತಪ್ಪು ಕಲ್ಪನೆ: ಇಂಟರ್‌ಫೇಸ್ ಒಂದೇ ಆದರೆ ಬ್ಯಾಕೆಂಡ್‌ಗಳು ತಾವಾಗಿಯೇ ಅದಲುಬದಲಾಗುತ್ತವೆ

ಇಂಟರ್‌ಫೇಸ್ ಹೇಳುವುದು ಆಜ್ಞೆಯ ಹೆಸರು, ಅದಕ್ಕೆ ಒದಗಿಸಬೇಕಾದ ವಿವರ ಮತ್ತು ಮರಳಿ ಬರುವ ಉತ್ತರದ ಮಾದರಿ, ಇಷ್ಟನ್ನು ಮಾತ್ರ. ಆಜ್ಞೆಯ ಅರ್ಥವೇನೆಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ, ಕಂಪೈಲರ್ ಕೂಡ ಅದನ್ನು ವಿಚಾರಿಸುವುದಿಲ್ಲ. ಇಲ್ಲದಿರುವ ವಸ್ತುವನ್ನು ಅಳಿಸು ಎಂದಾಗ ಏನಾಗಬೇಕು ಎಂಬ ಸರಳ ಪ್ರಶ್ನೆಯನ್ನೇ ನೋಡಬಹುದು. ಲಿನಕ್ಸಿನ ಫೈಲ್ ವ್ಯವಸ್ಥೆಯು ಅಂಥ ಫೈಲೇ ಇಲ್ಲವೆಂದು ದೋಷ ಸೂಚಿಸುತ್ತದೆ. ಎಸ್3 ಅದನ್ನು ಯಶಸ್ಸೆಂದೇ ಪರಿಗಣಿಸಿ ಸುಮ್ಮನಾಗುತ್ತದೆ. ಎರಡೂ ತಮ್ಮ ಮಟ್ಟಿಗೆ ಸರಿಯೇ ಆಗಿದ್ದರೂ ದೋಷ ಬರುವುದನ್ನು ನೆಚ್ಚಿಕೊಂಡ ಮೇಲಿನ ತಂತ್ರಾಂಶವು ಬ್ಯಾಕೆಂಡ್ ಬದಲಾದ ದಿನ ದಾರಿ ತಪ್ಪುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ವ್ಯತ್ಯಾಸವು ಹೆಸರುಗಳಲ್ಲಿದೆ. ಸಂಗ್ರಹದಲ್ಲಿ ಪ್ರತಿ ವಸ್ತುವನ್ನೂ ಗುರುತಿಸುವ ಹೆಸರಿಗೆ ಕೀ ಎನ್ನುತ್ತಾರೆ. ಎಸ್3ರಲ್ಲಿ ‘ವರದಿ’ ಎಂಬ ಕೀ ಮತ್ತು ‘ವರದಿ/ಜನವರಿ’ ಎಂಬ ಕೀ ಎರಡೂ ನೆಮ್ಮದಿಯಾಗಿ ಒಟ್ಟಿಗೆ ಇರಬಲ್ಲವು, ಏಕೆಂದರೆ ಅಲ್ಲಿ ಓರೆಗೆರೆಯು ಹೆಸರಿನ ಇನ್ನೊಂದು ಅಕ್ಷರವಷ್ಟೇ. ಫೈಲ್ ವ್ಯವಸ್ಥೆಯಲ್ಲಿ ಹಾಗಾಗದು. ‘ವರದಿ’ ಎಂಬುದು ಫೈಲಾದರೆ ಅದೇ ಜಾಗದಲ್ಲಿ ಅದೇ ಹೆಸರಿನ ಫೋಲ್ಡರ್ ಇರಲಾರದು, ಫೋಲ್ಡರ್ ಇಲ್ಲದೆ ‘ಜನವರಿ’ಗೆ ಜಾಗವೂ ಇರಲಾರದು.

ಕೀಗಳು ಕನ್ನಡದಲ್ಲಿದ್ದರೆ ಇನ್ನೂ ಎರಡು ತೊಡಕುಗಳು ಕಾಣಿಸಿಕೊಳ್ಳುತ್ತವೆ, ಇಂಗ್ಲಿಷ್ ಹೆಸರುಗಳನ್ನಷ್ಟೇ ಇಟ್ಟುಕೊಂಡು ಬರೆದ ಪರೀಕ್ಷೆಗಳು ಇವನ್ನು ಎಂದಿಗೂ ಹಿಡಿಯಲಾರವು. ಮೊದಲನೆಯದು ಗುಣಿತಾಕ್ಷರಗಳದು. ‘ಕೊಡಗು’ ಎಂಬ ಪದದಲ್ಲಿನ ಒತ್ವದ ಚಿಹ್ನೆಯನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ ಬರೆಯಲು ಬಿಡುತ್ತದೆ, ಎತ್ವ ಮತ್ತು ಊತ್ವಗಳ ಚಿಹ್ನೆಗಳನ್ನು ಒಂದರ ಮುಂದೊಂದು ಇಟ್ಟೂ ಬರೆಯಲು ಬಿಡುತ್ತದೆ, ಮತ್ತು ಎರಡನ್ನೂ ಸಮಾನವೆಂದೇ ಸಾರುತ್ತದೆ. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಮೊದಲ ಬಗೆಯ ‘ಕೊಡಗು’ 15 ಬೈಟ್, ಎರಡನೆಯ ಬಗೆಯದು 18 ಬೈಟ್. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಬೈಟ್‌ಗಳನ್ನಷ್ಟೇ ನೋಡುವ ಎಸ್3 ಇವನ್ನು ಎರಡು ಬೇರೆ ಕೀಗಳೆಂದು ಬಗೆಯುತ್ತದೆ, ಆಪಲ್‌ನ ಎಪಿಎಫ್ಎಸ್ ಫೈಲ್ ವ್ಯವಸ್ಥೆ ಒಂದೇ ಹೆಸರೆಂದು ಬಗೆಯುತ್ತದೆ. ಆದ್ದರಿಂದ ಒಂದು ಬ್ಯಾಕೆಂಡ್‌ನಲ್ಲಿ ಎರಡು ದಾಖಲೆಗಳಾಗಿ ಉಳಿದದ್ದು ಇನ್ನೊಂದರಲ್ಲಿ ಸದ್ದಿಲ್ಲದೆ ಒಂದರ ಮೇಲೊಂದು ಬರೆಯಲ್ಪಡಬಹುದು.

ಎರಡನೆಯದು ಅನುಕ್ರಮದ ತೊಡಕು. ಬೈಟ್‌ಗಳ ಕ್ರಮದಲ್ಲಿ ಪಟ್ಟಿ ಕೊಡುವ ಬ್ಯಾಕೆಂಡ್ ‘ಕಳಸ’ವನ್ನು ‘ಕವನ’ದ ಮೊದಲು ಇಡುತ್ತದೆ, ಏಕೆಂದರೆ ಯೂನಿಕೋಡ್ ಕೋಷ್ಟಕದಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮುಂಚೆ ಬಂದಿದೆ. ನಿಘಂಟಿನ ಕ್ರಮವನ್ನು ಅನುಸರಿಸುವಂತೆ ಹೊಂದಿಸಿದ ಡೇಟಾಬೇಸ್ ಹಕಾರದ ನಂತರವೇ ಳಕಾರವನ್ನು ತರುವುದರಿಂದ ಅಲ್ಲಿ ‘ಕವನ’ವೇ ಮುಂದು. ‘ಈ ಕೀಯ ಮುಂದಿನಿಂದ ಇನ್ನೊಂದು ಸಾವಿರ ಕೊಡು’ ಎಂದು ಕಂತುಕಂತಾಗಿ ಪಟ್ಟಿ ಓದುವ ತಂತ್ರಾಂಶವು ಎರಡು ಕ್ರಮಗಳನ್ನು ಬೆರೆಸಿದರೆ ಕೆಲವು ದಾಖಲೆಗಳನ್ನು ಎರಡು ಸಲ ಕಾಣುತ್ತದೆ, ಕೆಲವನ್ನು ಕಾಣುವುದೇ ಇಲ್ಲ.

ಸಾಮಾನ್ಯ ಟೆಸ್ಟ್ ಸೂಟಿನ ನಿಜವಾದ ಕೆಲಸ ಇಲ್ಲಿಂದಲೇ ಮೊದಲಾಗುತ್ತದೆ. ಇಂಟರ್‌ಫೇಸ್ ಬಾಯಿ ಬಿಡದೆ ಬಿಟ್ಟ ಪ್ರತಿಯೊಂದು ಪ್ರಶ್ನೆಗೂ ಯಾರಾದರೂ ಉತ್ತರ ನಿರ್ಧರಿಸಲೇಬೇಕು, ನಿರ್ಧರಿಸಿದ್ದನ್ನು ಪರೀಕ್ಷೆಯ ರೂಪದಲ್ಲಿ ದಾಖಲಿಸಬೇಕು; ದೋಷ ಹಿಡಿಯುವುದು ಅದರ ನಂತರದ ಮಾತು.

ತಪ್ಪು ಕಲ್ಪನೆ: ಮೆಮೊರಿಯಲ್ಲಿನ ಹಗುರ ಬ್ಯಾಕೆಂಡ್ ಮೇಲೆ ಪರೀಕ್ಷೆ ಪಾಸಾದರೆ ಉಳಿದವೂ ಪಾಸಾದಂತೆ

ಡಿಸ್ಕನ್ನೂ ಜಾಲವನ್ನೂ ಮುಟ್ಟದೆ ಮೆಮೊರಿಯಲ್ಲೇ ಮಾಹಿತಿ ಇಟ್ಟುಕೊಳ್ಳುವ ಬ್ಯಾಕೆಂಡ್ ವೇಗವಾಗಿ ಓಡುವುದರಿಂದ ದಿನನಿತ್ಯದ ಪರೀಕ್ಷೆಗೆ ಅದನ್ನೇ ನೆಚ್ಚಿಕೊಳ್ಳುವುದು ವಾಡಿಕೆ. ಆದರೆ ಇಂಥ ಬ್ಯಾಕೆಂಡ್‌ಗಳಲ್ಲಿ ಒಂದು ದೋಷ ಪದೇಪದೇ ಕಾಣಸಿಗುತ್ತದೆ: ಕೊಟ್ಟ ಬೈಟ್‌ಗಳ ಸಾಲನ್ನು ನಕಲು ಮಾಡಿಟ್ಟುಕೊಳ್ಳದೆ, ಅದೇ ಸಾಲಿನತ್ತ ಬೊಟ್ಟು ಮಾಡಿ ಸುಮ್ಮನಾಗುತ್ತವೆ. ಕೊಟ್ಟವನು ಆಮೇಲೆ ತನ್ನ ಸಾಲಿನಲ್ಲಿ ಒಂದು ಬೈಟ್ ತಿದ್ದಿದರೆ ಸಂಗ್ರಹದೊಳಗಿನದೂ ತಿದ್ದಿಹೋಗುತ್ತದೆ. ಇದನ್ನು ಬಯಲಿಗೆಳೆಯುವ ಪರೀಕ್ಷೆ ಮೂರೇ ಹೆಜ್ಜೆಯದು: ಇಡಬೇಕು, ತನ್ನ ಬಳಿಯಿರುವ ಸಾಲನ್ನು ಕೆಡಿಸಬೇಕು, ಮರಳಿ ತೆಗೆದು ಮೂಲದೊಂದಿಗೆ ಹೋಲಿಸಬೇಕು. ಡಿಸ್ಕಿನ ಬ್ಯಾಕೆಂಡ್ ಈ ಪರೀಕ್ಷೆಯಲ್ಲಿ ಸೋಲುವುದು ಅಪರೂಪವಾದ್ದರಿಂದ ಅದನ್ನು ಬರೆಯಬೇಕೆಂಬ ಯೋಚನೆಯೂ ಸುಲಭವಾಗಿ ಹೊಳೆಯದು.

ಡೇಟಾಬೇಸ್‌ಗಳಲ್ಲಿಯೂ ಇದೇ ಕಥೆ. ಪರೀಕ್ಷೆಗೆ ಎಸ್‌ಕ್ಯುಲೈಟ್, ನಿಜವಾದ ಬಳಕೆಗೆ ಪೋಸ್ಟ್‌ಗ್ರೆಸ್ ಎಂಬ ಏರ್ಪಾಡು ಬಹಳ ಕಡೆ ಇದೆ. 10 ಅಕ್ಷರಗಳ ಮಿತಿ ಹಾಕಿದ ಅಂಕಣಕ್ಕೆ 40 ಅಕ್ಷರ ತುಂಬಿದರೆ ಎಸ್‌ಕ್ಯುಲೈಟ್ ಚಕಾರವೆತ್ತದೆ ಇಟ್ಟುಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ತಿರಸ್ಕರಿಸುತ್ತದೆ. ಏರಿಕೆ ಕ್ರಮದಲ್ಲಿ ಜೋಡಿಸಿದಾಗ ಬೆಲೆಯೇ ಇಲ್ಲದ, ಅಂದರೆ ನಲ್ ಆಗಿರುವ ಸಾಲುಗಳು ಎಸ್‌ಕ್ಯುಲೈಟ್‌ನಲ್ಲಿ ಮೊದಲು ಬರುತ್ತವೆ, ಪೋಸ್ಟ್‌ಗ್ರೆಸ್‌ನಲ್ಲಿ ಕೊನೆಗೆ ಬರುತ್ತವೆ. ಕಾಲವೂ ಇಲ್ಲಿ ಪಾತ್ರ ವಹಿಸುತ್ತದೆ. ಎಸ್3ರಲ್ಲಿ ಇದ್ದ ವಸ್ತುವಿನ ಮೇಲೆ ಹೊಸದನ್ನು ಬರೆದು ತಕ್ಷಣ ಓದಿದರೆ ಹಳೆಯದೇ ಸಿಗುವ ಸಾಧ್ಯತೆ 2020ರ ಡಿಸೆಂಬರ್‌ವರೆಗೂ ಇತ್ತು, ಆ ತಿಂಗಳಲ್ಲಿ ಅಮೆಜಾನ್ ಬರೆದದ್ದು ಕೂಡಲೇ ಕಾಣುವ ಭರವಸೆಯನ್ನು ನೀಡಿತು. ಮೆಮೊರಿಯ ಬ್ಯಾಕೆಂಡ್ ಇಂಥ ವಿಳಂಬವನ್ನು ಎಂದೂ ತೋರಿಸುವುದಿಲ್ಲ. ಪರೀಕ್ಷೆಯ ನಡುವೆ ಎರಡು ಸೆಕೆಂಡು ಕಾಯುವ ಸಾಲೊಂದನ್ನು ತೂರಿಸಿ ವಿಳಂಬವನ್ನು ಮುಚ್ಚಿಹಾಕುವ ಅಭ್ಯಾಸವಂತೂ ಅಪಾಯಕಾರಿ, ಏಕೆಂದರೆ ನಿಜವಾದ ತಂತ್ರಾಂಶ ಆ ಎರಡು ಸೆಕೆಂಡು ಕಾಯುವುದಿಲ್ಲ.

ತಪ್ಪು ಕಲ್ಪನೆ: ಪ್ರತಿ ಬ್ಯಾಕೆಂಡ್‌ಗೂ ಪರೀಕ್ಷೆಗಳ ಪ್ರತಿ ಮಾಡಿಕೊಟ್ಟರೆ ಅದೇ ಸಾಮಾನ್ಯ ಸೂಟ್

ಪ್ರತಿಗಳು ಆರು ತಿಂಗಳೂ ಒಂದೇ ಆಗಿ ಉಳಿಯುವುದಿಲ್ಲ; ಒಂದರಲ್ಲಿ ಸೋತ ಪರೀಕ್ಷೆಯನ್ನು ಅಲ್ಲಿಗಷ್ಟೇ ಸಡಿಲಿಸಿ ಮುಂದೆ ಸಾಗುವ ಆಮಿಷ ಬಲವಾದದ್ದು. ಸರಿಯಾದ ರಚನೆಯಲ್ಲಿ ಪರೀಕ್ಷೆಗಳು ಒಂದೇ ಕಡೆ ಇರುತ್ತವೆ, ಬ್ಯಾಕೆಂಡ್ ಬರೆದವರು ಹೊಸ ಸಂಗ್ರಹವೊಂದನ್ನು ತೆರೆದುಕೊಡುವ ಒಂದು ಫಂಕ್ಷನ್ನನ್ನು ಮಾತ್ರ ಒದಗಿಸುತ್ತಾರೆ. ಗೋ ಭಾಷೆಯು 2021ರ ಫೆಬ್ರವರಿಯ 1.16ನೇ ಆವೃತ್ತಿಯಲ್ಲಿ ಫೈಲ್ ವ್ಯವಸ್ಥೆಗೊಂದು ಇಂಟರ್‌ಫೇಸನ್ನು ತಂದಾಗ ಅದರ ಜೊತೆಗೇ ಟೆಸ್ಟ್‌ಎಫ್ಎಸ್ ಎಂಬ ಪರೀಕ್ಷಾ ಫಂಕ್ಷನ್ನನ್ನೂ ಕೊಟ್ಟಿತು. ಆ ಇಂಟರ್‌ಫೇಸಿಗೆ ಹೊಸ ಬ್ಯಾಕೆಂಡ್ ಬರೆಯುವ ಯಾರೇ ಆಗಲಿ ಅದನ್ನು ಒಂದೇ ಸಾಲಿನಲ್ಲಿ ಕರೆದು ತಮ್ಮ ಕೆಲಸವನ್ನು ತೂಗಿ ನೋಡಬಹುದು. ಒಂದು ಎಚ್ಚರ ಮಾತ್ರ ಅಗತ್ಯ: ಖಾಲಿ ಸಂಗ್ರಹವನ್ನಷ್ಟೇ ಕೊಡುವ ಫಂಕ್ಷನ್ ಸಾಲದು, ಮುಚ್ಚಿದ್ದನ್ನು ಮತ್ತೆ ತೆರೆಯುವ ದಾರಿಯೂ ಬೇಕು, ಇಲ್ಲವಾದರೆ ಇಟ್ಟದ್ದು ಮರುದಿನವೂ ಇರುತ್ತದೆಯೇ ಎಂಬ ಮುಖ್ಯ ಪ್ರಶ್ನೆಯನ್ನೇ ಕೇಳಿದಂತಾಗದು.

ತಪ್ಪು ಕಲ್ಪನೆ: ಹಳೆಯ ಬ್ಯಾಕೆಂಡ್‌ನ ಪರೀಕ್ಷೆಗಳನ್ನು ಹೊಸದರ ಮೇಲೆ ಓಡಿಸಿದರೆ ಕೆಲಸ ಮುಗಿಯಿತು

ತಂತ್ರಾಂಶದ ಆವೃತ್ತಿಗಳನ್ನು ಕಾಪಾಡುವ ಗಿಟ್ ಈ ನಂಬಿಕೆಗೆ ಅತ್ಯುತ್ತಮ ಉತ್ತರ ಒದಗಿಸುತ್ತದೆ. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಬ್ರ್ಯಾಂಚ್ ಎನ್ನುವ ಪ್ರತಿ ಕವಲಿನ ಹೆಸರೂ ಬಹುಕಾಲ ಸಾಮಾನ್ಯವಾಗಿ ಒಂದು ಪುಟ್ಟ ಫೈಲೇ ಆಗಿತ್ತು. ಅದರೊಳಗೆ 40 ಅಕ್ಷರಗಳ ಗುರುತುಸಂಖ್ಯೆ, ಕೊನೆಗೊಂದು ಸಾಲುಮುರಿತ, ಒಟ್ಟು 41 ಬೈಟ್. ಹೆಸರುಗಳು ಸಾವಿರಗಟ್ಟಲೆ ಬೆಳೆದಾಗ ಈ ಏರ್ಪಾಡು ತೆವಳತೊಡಗುವುದರಿಂದ, ಶಾನ್ ಪಿಯರ್ಸ್ ಅವರು ಮೊದಲಿಗೆ ಜೆಗಿಟ್ ಎಂಬ ಜಾವಾ ಆವೃತ್ತಿಗಾಗಿ ರೂಪಿಸಿದ್ದ ರೆಫ್‌ಟೇಬಲ್ ಎಂಬ ವಿನ್ಯಾಸವು 2024ರ ಏಪ್ರಿಲ್‌ನಲ್ಲಿ ಹೊರಬಂದ ಗಿಟ್ 2.45ರಲ್ಲಿ ಎರಡನೆಯ ಬ್ಯಾಕೆಂಡಾಗಿ ಸೇರಿತು. ಇಡೀ ಟೆಸ್ಟ್ ಸೂಟನ್ನು ಯಾವ ಬ್ಯಾಕೆಂಡ್ ಮೇಲೆ ಓಡಿಸಬೇಕೆಂದು ಹೊರಗಿನಿಂದಲೇ ಒಂದು ಚರಾಂಶದ ಮೂಲಕ ಹೇಳುವ ವ್ಯವಸ್ಥೆಯನ್ನೂ ಮಾಡಲಾಯಿತು.

ಆದರೆ ಹಳೆಯ ಪರೀಕ್ಷೆಗಳಲ್ಲಿ ಅನೇಕವು ಬ್ರ್ಯಾಂಚ್‌ನ ಫೈಲನ್ನು ನೇರವಾಗಿ ತೆರೆದು ಓದುತ್ತಿದ್ದವು, ಇಲ್ಲವೇ ಅದರೊಳಗೆ ತಾವೇ ಬರೆಯುತ್ತಿದ್ದವು. ಮುಂಬಾಗಿಲಿನಿಂದ ಬಾರದೆ ಹಿತ್ತಿಲಿನಿಂದ ನುಗ್ಗುವ ಇಂಥ ಪರೀಕ್ಷೆಗಳು ಬ್ರ್ಯಾಂಚಿಗೊಂದು ಫೈಲೇ ಇಲ್ಲದ ರೆಫ್‌ಟೇಬಲ್‌ನಲ್ಲಿ ಸೋಲುವುದು ಸಹಜ, ಮತ್ತು ಆ ಸೋಲಿನಿಂದ ರೆಫ್‌ಟೇಬಲ್‌ನ ಗುಣದೋಷಗಳ ಬಗ್ಗೆ ಏನೂ ತಿಳಿಯುವುದಿಲ್ಲ. ಹೀಗಾಗಿ ಅವನ್ನು ಗಿಟ್‌ನ ಸ್ವಂತ ಆಜ್ಞೆಗಳ ಮೂಲಕ ಕೇಳುವಂತೆ ತಿದ್ದಬೇಕಾಯಿತು. ಫೈಲಿನ ರೂಪವನ್ನೇ ಪರೀಕ್ಷಿಸುವಂಥವನ್ನು ಬೇರ್ಪಡಿಸಿ, ಫೈಲ್ ಬ್ಯಾಕೆಂಡ್ ಇದ್ದಾಗ ಮಾತ್ರ ಓಡುವಂತೆ ಗುರುತು ಹಾಕಬೇಕಾಯಿತು. ಸಾಮಾನ್ಯ ಸೂಟನ್ನು ಕಟ್ಟುವ ಶ್ರಮದ ದೊಡ್ಡ ಪಾಲು ಹೊಸ ಪರೀಕ್ಷೆ ಬರೆಯುವುದರಲ್ಲಿಲ್ಲ, ಇಂಥ ಬೇರ್ಪಡಿಕೆಯಲ್ಲಿದೆ.

ಈ ಪ್ರಕರಣದಲ್ಲಿ ಮೇಲೆ ಕಂಡ ‘ವರದಿ’ಯ ಸಮಸ್ಯೆಯೇ ಇನ್ನೊಂದು ವೇಷದಲ್ಲಿ ಮರಳಿ ಬರುತ್ತದೆ. ‘ವರದಿ’ ಎಂಬ ಬ್ರ್ಯಾಂಚ್ ಇರುವಾಗ ‘ವರದಿ/2024’ ಎಂಬ ಬ್ರ್ಯಾಂಚನ್ನು ಗಿಟ್ ಒಪ್ಪುತ್ತಿರಲಿಲ್ಲ, ಏಕೆಂದರೆ ಒಂದೇ ಹೆಸರು ಫೈಲೂ ಫೋಲ್ಡರೂ ಆಗಲಾರದು. ರೆಫ್‌ಟೇಬಲ್‌ಗೆ ಆ ಕಟ್ಟುಪಾಡಿಲ್ಲ, ಎರಡನ್ನೂ ಒಂದೇ ಕೋಷ್ಟಕದಲ್ಲಿ ಬರೆಯಬಲ್ಲದು. ಹಾಗಿದ್ದರೂ ನಿಷೇಧವನ್ನು ಉಳಿಸಿಕೊಳ್ಳಲಾಯಿತು: ರೆಫ್‌ಟೇಬಲ್ ಹೊಂದಿದ ಭಂಡಾರದಿಂದ ಫೈಲ್ ಬ್ಯಾಕೆಂಡ್‌ನ ಭಂಡಾರಕ್ಕೆ ಪ್ರತಿ ಮಾಡಿಕೊಳ್ಳುವವರು ಇದ್ದೇ ಇರುತ್ತಾರೆ, ಅಲ್ಲಿ ಎರಡು ಹೆಸರುಗಳಿಗೆ ಜಾಗವಿರುವುದಿಲ್ಲ. ಡಿಸ್ಕಿನ ಗುಣದಿಂದ ಆಕಸ್ಮಿಕವಾಗಿ ಹುಟ್ಟಿದ ನಿರ್ಬಂಧವು ಹೀಗೆ ಉದ್ದೇಶಪೂರ್ವಕ ಕರಾರಾಯಿತು. ಇದಕ್ಕೆ ವಿರುದ್ಧವಾಗಿ, ಸಣ್ಣಕ್ಷರ ದೊಡ್ಡಕ್ಷರಗಳ ಭೇದವೆಣಿಸದ ಫೈಲ್ ವ್ಯವಸ್ಥೆಯಲ್ಲಿ ಎರಡು ಇಂಗ್ಲಿಷ್ ಹೆಸರುಗಳು ಡಿಕ್ಕಿ ಹೊಡೆಯುವ ಗುಣವನ್ನು ರೆಫ್‌ಟೇಬಲ್ ಮುಂದುವರಿಸಲಿಲ್ಲ, ಅದನ್ನು ದೋಷವೆಂದೇ ಎಣಿಸಲಾಯಿತು. ಹಳೆಯ ಬ್ಯಾಕೆಂಡ್‌ನ ಯಾವ ನಡತೆ ಮಾತು ಕೊಟ್ಟದ್ದು, ಯಾವುದು ಕೇವಲ ರೂಢಿಯಿಂದ ಬಂದದ್ದು ಎಂಬ ಈ ತೀರ್ಪನ್ನು ಯಂತ್ರ ಕೊಡಲಾರದು.

ತಪ್ಪು ಕಲ್ಪನೆ: ಎಲ್ಲ ಬ್ಯಾಕೆಂಡ್‌ಗಳೂ ಎಲ್ಲ ಪರೀಕ್ಷೆಗಳಲ್ಲಿ ಪಾಸಾಗಲೇಬೇಕು

ಲಿನಕ್ಸಿನ ಫೈಲ್ ವ್ಯವಸ್ಥೆಗಳಿಗೆಂದೇ ಇರುವ ಎಫ್ಎಸ್‌ಟೆಸ್ಟ್ಸ್ ಎಂಬ ಸೂಟ್, ಎಕ್ಸ್ಎಫ್ಎಸ್ ಒಂದಕ್ಕಾಗಿ ಹುಟ್ಟಿ ಕ್ರಮೇಣ ಎಕ್ಸ್‌ಟಿ4, ಬಿಟಿಆರ್‌ಎಫ್ಎಸ್ ಮುಂತಾದವುಗಳಿಗೂ ಹಬ್ಬಿತು. ಅದರಲ್ಲಿ ಎಲ್ಲರಿಗೂ ಅನ್ವಯಿಸುವ ಪರೀಕ್ಷೆಗಳು ಒಂದು ಕಡೆ, ಆಯಾ ವ್ಯವಸ್ಥೆಗೆ ಮಾತ್ರ ಸೇರಿದವು ಇನ್ನೊಂದು ಕಡೆ ಇವೆ. ಪ್ರತಿ ಪರೀಕ್ಷೆಯೂ ತನಗೆ ಬೇಕಾದ ಸೌಲಭ್ಯವನ್ನು ಮೊದಲೇ ಸಾರಿ, ಅದು ಸಿಗದಿದ್ದರೆ ‘ಓಡಲಿಲ್ಲ’ ಎಂದು ವರದಿ ಮಾಡುತ್ತದೆ. ‘ಪಾಸು’, ‘ಫೇಲು’ಗಳ ಜೊತೆಗೆ ಈ ಮೂರನೆಯ ಉತ್ತರವಿರುವುದು ಪ್ರಾಮಾಣಿಕತೆಯ ಲಕ್ಷಣ. ಆದರೆ ಎಣಿಸುವವರಿಲ್ಲದಿದ್ದರೆ ಅದೇ ಕಸದ ಬುಟ್ಟಿಯೂ ಆಗುತ್ತದೆ: ಸೋತ ಪರೀಕ್ಷೆಗೆಲ್ಲ ‘ನಮಗೆ ಈ ಸೌಲಭ್ಯವಿಲ್ಲ’ ಎಂಬ ಚೀಟಿ ಅಂಟಿಸುತ್ತ ಹೋದರೆ ಬ್ಯಾಕೆಂಡ್ ಹೆಸರಿಗಷ್ಟೇ ಇಂಟರ್‌ಫೇಸನ್ನು ಪಾಲಿಸಿದಂತಾಗುತ್ತದೆ.

ತಪ್ಪು ಕಲ್ಪನೆ: ಸೂಟ್ ಪೂರ್ತಿ ಪಾಸಾದರೆ ಮಾಹಿತಿ ಸುರಕ್ಷಿತ

ಪಾಸಾದ ಸೂಟ್ ತಿಳಿಸುವುದು ಕೇಳಿದ ಪ್ರಶ್ನೆಗಳ ಉತ್ತರವನ್ನು ಮಾತ್ರ. ಪ್ರಶ್ನೆಗಳಾದರೂ ಹರಿತವಾಗಿವೆಯೇ ಎಂದು ತಿಳಿಯಲು ಬೇಕೆಂದೇ ಕೆಡಿಸಿದ ಬ್ಯಾಕೆಂಡ್‌ಗಳನ್ನು ಸೂಟಿನ ಮುಂದೆ ನಿಲ್ಲಿಸುವ ಒಳ್ಳೆಯ ಪದ್ಧತಿಯೊಂದಿದೆ. ಕೊನೆಯ ಬೈಟನ್ನು ನುಂಗುವ, ಅಳಿಸಿದ್ದನ್ನು ಪಟ್ಟಿಯಲ್ಲಿ ಉಳಿಸುವ, ಖಾಲಿ ಕಡತವನ್ನು ‘ಇಲ್ಲ’ ಎನ್ನುವ ಬ್ಯಾಕೆಂಡ್ ಕೂಡ ಪಾಸಾಗಿಬಿಟ್ಟರೆ ತಪ್ಪು ಸೂಟಿನದು.

ವಿದ್ಯುತ್ ಹೋದಾಗ, ಡಿಸ್ಕ್ ಕೈಕೊಟ್ಟಾಗ ಏನಾಗುತ್ತದೆ ಎಂಬ ಪ್ರಶ್ನೆಯಂತೂ ಇಟ್ಟು ತೆಗೆಯುವ ಪರೀಕ್ಷೆಗಳ ಅಳವಿಗೇ ಬಾರದು. ಬರೆದದ್ದನ್ನು ಡಿಸ್ಕಿಗೆ ಖಚಿತವಾಗಿ ಮುಟ್ಟಿಸು ಎಂದು ಲಿನಕ್ಸಿಗೆ ಹೇಳುವ ಆಜ್ಞೆ ಎಫ್‌ಸಿಂಕ್. ಇದು ಒಮ್ಮೆ ವಿಫಲವಾದ ಮೇಲೆ ಮತ್ತೊಮ್ಮೆ ಕರೆದರೆ, ಮಾಹಿತಿ ಡಿಸ್ಕಿಗೆ ಮುಟ್ಟದೆಯೇ ‘ಯಶಸ್ವಿ’ ಎಂಬ ಉತ್ತರ ಬರಬಹುದೆಂದು ಪೋಸ್ಟ್‌ಗ್ರೆಸ್ ಅಭಿವೃದ್ಧಿಕಾರರಿಗೆ 2018ರಲ್ಲಿ ಮನವರಿಕೆಯಾಯಿತು. ವಿಫಲವಾದರೆ ಮತ್ತೆ ಪ್ರಯತ್ನಿಸಿದರಾಯಿತು ಎಂಬ ವರ್ಷಗಟ್ಟಲೆಯ ಎಣಿಕೆ ಅಲ್ಲಿಗೆ ಕುಸಿಯಿತು. 2019ರ ಫೆಬ್ರವರಿಯ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್ ಇಂಥ ವೈಫಲ್ಯ ಕಂಡೊಡನೆ ತಾನೇ ನಿಂತುಹೋಗಿ, ಮುಂಚಿತವಾಗಿ ಬರೆದಿಟ್ಟ ದಿನಚರಿಯಂಥ ಲಾಗ್‌ನಿಂದ ಮಾಹಿತಿಯನ್ನು ಪುನಃ ಕಟ್ಟಿಕೊಳ್ಳುತ್ತದೆ.

ಇಂಥದ್ದನ್ನು ಪರೀಕ್ಷಿಸಲು ಹೇಳಿದಂತೆ ಕೆಡುವ ಡಿಸ್ಕೇ ಬೇಕು. ಲಿನಕ್ಸಿನಲ್ಲಿ ಡಿಎಂ-ಫ್ಲೇಕಿ ಎಂಬ ಹೆಸರಿನ ಒಂದು ಕೃತಕ ಡಿಸ್ಕ್ ಪದರವಿದ್ದು, ಅದು ಒಂದು ಕ್ಷಣದವರೆಗೆ ನೆಟ್ಟಗೆ ಬರೆದುಕೊಂಡು, ಆಮೇಲೆ ಬಂದ ಬರಹವನ್ನೆಲ್ಲ ಸದ್ದಿಲ್ಲದೆ ಚೆಲ್ಲುತ್ತ ‘ಬರೆದಾಯಿತು’ ಎನ್ನುತ್ತಲೇ ಇರುತ್ತದೆ. ಎಫ್ಎಸ್‌ಟೆಸ್ಟ್ಸ್‌ನ ಕೆಲವು ಪರೀಕ್ಷೆಗಳು ಈ ಪದರದ ಮೇಲೆ ಫೈಲೊಂದನ್ನು ಬರೆದು, ಎಫ್‌ಸಿಂಕ್ ಮಾಡಿ, ಚೆಲ್ಲುವಿಕೆಯನ್ನು ಶುರುಮಾಡಿಸಿ, ಫೈಲ್ ವ್ಯವಸ್ಥೆಯನ್ನು ಕಳಚಿ ಮತ್ತೆ ಜೋಡಿಸಿ, ಎಫ್‌ಸಿಂಕ್‌ಗೆ ಮುಂಚೆ ಬರೆದದ್ದು ಅಲ್ಲಿಯೇ ಇದೆಯೇ ಎಂದು ನೋಡುತ್ತವೆ.