ಗುಂಪಿಗೊಂದು ಕಟ್ಟಿಗೆ ಕೊಯ್ಯುವ ಟ್ರಾಲಿ: ಕೈ ಉಳಿಯುವಂತೆ ಕಟ್ಟಿಸುವುದು ಹೇಗೆ?

ಮದುವೆ ಹಂಗಾಮು ಬಂತೆಂದರೆ ಪುಣೆಯ ಹೊರವಲಯದ ಲಾನ್‌ಗಳಲ್ಲಿ ಅಡಿಗೆ ಮಾಡಿಸುವ ನಮ್ಮಂಥ ಕೇಟರಿಂಗ್‌ನವರಿಗೆ ಮೊದಲ ಚಿಂತೆ ಅಡಿಗೆ ಭಟ್ಟರದ್ದು, ಎರಡನೆಯದು ಕಟ್ಟಿಗೆಯದು. ಗ್ಯಾಸ್ ಭಟ್ಟಿ ಎಷ್ಟೇ ಬಂದರೂ ಸಾವಿರ ಎಲೆಯ ಊಟದ ಕೊಪ್ಪರಿಗೆ ಇನ್ನೂ ಸೌದೆ ಒಲೆಯ ಮೇಲೇ ಏರುವ ಕಡೆಗಳಿವೆ. ವಖಾರದವರು ಕೊಡುವುದು ನಾಲ್ಕೈದು ಅಡಿಯ ಜಾಲಿ, ಬೇವಿನ ದಿಮ್ಮಿ. ಒಲೆಗೆ ಬೇಕಾದದ್ದು ಒಂದೂವರೆ ಅಡಿಯ ತುಂಡು. ಹಾಗಾಗಿ ನಾಲ್ಕೈದು ಮಂದಿ ಕೂಡಿ ಒಂದು ಗರಗಸವನ್ನು ಟ್ರಾಲಿಯ ಮೇಲೆ ಕೂರಿಸಿ, ಗೋದಾಮಿನಿಂದ ಗೋದಾಮಿಗೆ ತಿರುಗಿಸುವುದು ಲಾಭದ ಮಾತೇ ಸರಿ.

ನಾವು ಐವರೂ ಹಾಗೇ ಮಾಡಿದೆವು. ಹಳೆಯ ಮೋಟಾರು, ಗುಜರಿಯ ಆಂಗಲ್, ಸಪಾಟು ಮೇಜು, ಮುಚ್ಚಳವಿಲ್ಲದ ಬ್ಲೇಡು. ಒಂದು ತಿಂಗಳು ಚೆನ್ನಾಗಿ ನಡೆಯಿತು. ಎರಡನೆಯ ತಿಂಗಳು ನಮ್ಮ ಕ್ಲೀನರ್ ಹುಡುಗನ ಬಲಗೈಯ ಎರಡು ಬೆರಳು ಹೋದವು. ಡೊಂಕು ದಿಮ್ಮಿ ಮೇಜಿನ ಮೇಲೆ ಉರುಳಿತು, ಹಿಡಿಯಲು ಕೈ ಚಾಚಿದ, ಅಷ್ಟೇ. ಆಸ್ಪತ್ರೆಯ ಖರ್ಚನ್ನು ಐವರೂ ಹಂಚಿಕೊಂಡೆವು. ಹುಡುಗ ಈಗ ಕೌಂಟರಿನಲ್ಲಿ ಕೂಪನ್ ಹರಿಯುತ್ತಾನೆ. ತಪ್ಪು ಅವನದಲ್ಲ, ಯಂತ್ರ ಕಟ್ಟಿಸಿದ ನಮ್ಮದು.

ಆಮೇಲೆ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಸಿದೆವು. ಮುಖ್ಯ ಬದಲಾವಣೆ ಮೇಜಿನದು. ದುಂಡು ಮರಕ್ಕೆ ಸಪಾಟು ಮೇಜು ಆಗಿಬರುವುದಿಲ್ಲ. ಈಗ ದಿಮ್ಮಿ ಮಲಗುವುದು ‘ವಿ’ ಆಕಾರದ ಕಬ್ಬಿಣದ ತೊಟ್ಟಿಲಲ್ಲಿ. ಅದರ ಅಂಚಿಗೆ ಹಲ್ಲು ಇರುವುದರಿಂದ ಮರ ತಿರುಗುವುದಿಲ್ಲ. ತೊಟ್ಟಿಲಿಗೆ ಕೆಳಗೆ ಕೀಲು. ಉದ್ದನೆಯ ಹಿಡಿಕೆ ಹಿಡಿದು ದೂಡಿದರೆ ತೊಟ್ಟಿಲೇ ಬ್ಲೇಡಿನ ಕಡೆಗೆ ಬಾಗುತ್ತದೆ, ಬಿಟ್ಟರೆ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ಬ್ಲೇಡು ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ. ತೊಟ್ಟಿಲು ಹಿಂದೆ ಬಂದಾಗ ಹಲ್ಲು ಎಲ್ಲಿಯೂ ಹೊರಗೆ ಕಾಣಬಾರದು. ಹಿಡಿಕೆ ಹಿಡಿದವನು ಎಷ್ಟೇ ಬಗ್ಗಿದರೂ ಅವನ ಕೈ ಬ್ಲೇಡಿಗೆ ತಲುಪಬಾರದು. ಫ್ಯಾಬ್ರಿಕೇಶನ್‌ನವನ ಎದುರಿಗೆ, ಮೋಟಾರು ಬಂದ್ ಇರುವಾಗ, ನಿಮ್ಮಲ್ಲಿ ಅತಿ ಎತ್ತರದ ಮನುಷ್ಯನನ್ನು ನಿಲ್ಲಿಸಿ ನೋಡಿ. ತೊಟ್ಟಿಲಿನಲ್ಲಿ ಗಟ್ಟಿಯಾಗಿ ಕೂರದ ಗಿಡ್ಡ ತುಂಡನ್ನು ಯಂತ್ರಕ್ಕೆ ಕೊಡಬೇಡಿ, ಕೊಡಲಿ ಸಾಕು.

ಬ್ಲೇಡಿನ ಮೇಲೆ ಅದು ಗರಿಷ್ಠ ಎಷ್ಟು ಸುತ್ತು ತಾಳುತ್ತದೆಂದು ಕೊರೆದಿರುತ್ತದೆ. ಇಲ್ಲದಿದ್ದರೆ ಆ ಬ್ಲೇಡು ಬೇಡ. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ 4 ಇಂಚಿನ ಪುಲ್ಲಿ, ಬ್ಲೇಡಿಗೆ 5 ಇಂಚಿನದು ಹಾಕಿದರೆ ಬ್ಲೇಡು ಸುಮಾರು 1150 ಸುತ್ತು ತಿರುಗುತ್ತದೆ. ಬೆಲ್ಟು, ಪುಲ್ಲಿಗಳಿಗೂ ಜಾಲರಿಯ ಮುಚ್ಚಳ ಬೇಕೇ ಬೇಕು. ಲುಂಗಿ, ಹೆಗಲ ಮೇಲೆ ಟವೆಲ್, ಇದು ನಮ್ಮ ಅಡಿಗೆಮನೆಯ ವೇಷ. ಬೆಲ್ಟಿಗೆ ಇಷ್ಟು ಸಾಕು. ಕೈಗವಸು ಸಹ ಅಪಾಯವೇ, ಹಲ್ಲಿಗೆ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ವಿದ್ಯುತ್ತಿನ ವಿಷಯಕ್ಕೆ ಬರೋಣ. ಇಲ್ಲಿ ಎಲ್ಲರೂ ಎಡವುತ್ತಾರೆ. ಬರೀ ಮೇನ್ ಸ್ವಿಚ್ಚು ಹಾಕಿದರೆ, ಕರೆಂಟು ಹೋಗಿ ಮತ್ತೆ ಬಂದಾಗ ಬ್ಲೇಡು ತಾನಾಗಿ ತಿರುಗತೊಡಗುತ್ತದೆ; ಅಷ್ಟರಲ್ಲಿ ಯಾರೋ ಹೊಟ್ಟು ತೆಗೆಯಲು ಕೈ ಹಾಕಿರುತ್ತಾರೆ. ಹಸಿರು-ಕೆಂಪು ಗುಂಡಿಯ ಡಿ.ಓ.ಎಲ್. ಸ್ಟಾರ್ಟರ್ ಇದ್ದರೆ, ಹಸಿರು ಗುಂಡಿ ಒತ್ತುವವರೆಗೆ ಯಂತ್ರ ಏಳುವುದಿಲ್ಲ. ಸ್ಟಾರ್ಟರಿನ ಒಳಗೆ ಯಾವ ಎಲೆಕ್ಟ್ರಿಷಿಯನ್ನೂ ‘ಆಟೋ’ ಜೋಡಿಸದಂತೆ ನೋಡಿಕೊಳ್ಳಿ. ಇನ್ನೊಂದು, ಟ್ರಾಲಿ ರಬ್ಬರ್ ಗಾಲಿಯ ಮೇಲಿದೆ, ನೆಲಕ್ಕೆ ತಾಗಿಲ್ಲ. ಆದ್ದರಿಂದ ಅರ್ಥಿಂಗ್ ತಂತಿ ಕೇಬಲ್ಲಿನ ಜೊತೆಗೇ ಬರಬೇಕು, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಬೇಕು. ಗೋದಾಮು ಬದಲಾದಾಗ ಫೇಸು ಅದಲು-ಬದಲಾಗಿ ಬ್ಲೇಡು ಉಲ್ಟಾ ತಿರುಗುವುದುಂಟು. ಪೆಟ್ಟಿಗೆಯ ಮೇಲೆ ಕೆಂಪು ಬಾಣ ಬರೆಸಿ, ಪ್ರತಿ ಸಲ ಖಾಲಿ ಓಡಿಸಿ ನೋಡಿದ ಮೇಲೆಯೇ ದಿಮ್ಮಿ ಇಡಿ.

ಟ್ರಾಲಿಗೆ ನಾಲ್ಕು ಮೂಲೆಗೂ ಜಾಕು, ಗಾಲಿಗೆ ಅಡ್ಡಗಟ್ಟೆ. ಗಾಲಿಯ ಮೇಲೇ ನಿಂತು ಕೊಯ್ದರೆ ಇಡೀ ಯಂತ್ರ ಓಲಾಡುತ್ತದೆ. ಬ್ಲೇಡಿನ ನೇರಕ್ಕೆ ಯಾರೂ ನಿಲ್ಲಬಾರದು, ತುಂಡು ಸಿಡಿಯುವುದು ಅದೇ ದಿಕ್ಕಿಗೆ. ಹಳೆಯ ಬಾಗಿಲು ಚೌಕಟ್ಟು, ಪ್ಯಾಕಿಂಗ್ ಪೆಟ್ಟಿಗೆಗಳನ್ನು ಕೊಯ್ಯಲೇಬೇಡಿ. ಒಳಗೆ ಮೊಳೆ, ಹೊರಗೆ ಬಣ್ಣ. ಬ್ಲೇಡಿಗೂ ಕೇಡು, ಅಡಿಗೆಗೂ ಕೇಡು.

ಕಾಗದಪತ್ರದ ಮಾತನ್ನು ಮರೆಯಬೇಡಿ. ಟ್ರಾಲಿಯೂ ಕಾನೂನಿನಲ್ಲಿ ವಾಹನವೇ, ನೋಂದಣಿ ಬೇಕು. ಪರವಾನಗಿ ಇಲ್ಲದ ಸಾ ಮಿಲ್ಲುಗಳಿಗೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟು 2002ರಲ್ಲೇ ಆದೇಶಿಸಿದೆ. ನಿಮ್ಮ ಯಂತ್ರ ಆ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂದು ಅರಣ್ಯ ಇಲಾಖೆಯಿಂದ ಬರಹದಲ್ಲೇ ಕೇಳಿ ಪಡೆಯಿರಿ, ಬಾಯಿಮಾತು ನಂಬಬೇಡಿ. ಮುಂಬಯಿಯ ಬಂಧುಗಳ ಕಥೆ ಬೇರೆ. 2025ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟು ಕಟ್ಟಿಗೆ, ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸು ಮುಂತಾದ ಇಂಧನಕ್ಕೆ ಬದಲಾಗಬೇಕೆಂದು ಹೇಳಿದ ಮೇಲೆ, ನಗರದೊಳಗೆ ಸೌದೆಗೆ ಬಂಡವಾಳ ಹಾಕುವುದು ಜಾಣತನವಲ್ಲ.

ನಮ್ಮ ಟ್ರಾಲಿಯ ಸ್ಟಾರ್ಟರಿಗೆ ಈಗ ಬೀಗವಿದೆ. ಕೀಲಿ ಇರುವುದು ಕೆಲಸ ಕಲಿತ ಇಬ್ಬರ ಬಳಿ ಮಾತ್ರ, ಅವರಿಬ್ಬರಿಗೂ ಐವರೂ ಸೇರಿ ದಿನದ ಭತ್ಯೆ ಕೊಡುತ್ತೇವೆ. ಹದಿನೆಂಟು ತುಂಬದವರು ಹತ್ತಿರ ಸುಳಿಯುವಂತಿಲ್ಲ. ರಾತ್ರಿ ಹತ್ತಕ್ಕೆ ಆರ್ಡರ್ ಬಂದು ‘ನಾಳೆ ಬೆಳಿಗ್ಗೆಯೇ ಕಟ್ಟಿಗೆ ಬೇಕು’ ಎಂದು ನಮ್ಮಲ್ಲೇ ಒಬ್ಬರು ಫೋನು ಮಾಡಿದರೂ ಕೀಲಿ ಸಿಗುವುದಿಲ್ಲ. ಮೊನ್ನೆ ಹಾಗೆ ಫೋನು ಮಾಡಿದವನು ನಾನೇ. ಸಿಗಲಿಲ್ಲ. ವಖಾರದಿಂದ ಕೊಯ್ದ ಸೌದೆಯನ್ನೇ ಹೆಚ್ಚು ದುಡ್ಡು ಕೊಟ್ಟು ತರಿಸಿದೆ.